ದಾವಲಸಾಬರ ಪೆಟ್ಟಿಗೆ, ಭಾಗಪ್ಪನವರ ತಬಲಾ

ಇಂದಿನ ಸಭೆಯ ಅಧ್ಯಕ್ಷತೆ ವಹಿಸಿರುವ, ಊರೂರಿನ ಹೊಲಗಳನ್ನು ಅಳೆದು ಈಗ ನಿವೃತ್ತರಾಗಿರುವ ಸರ್ವೇಯರ್, ಕಾಖಂಡಕಿಯ ಶ್ರೀ ಭಾಗಪ್ಪನವರೇ, ಮುಖ್ಯ ಅತಿಥಿಗಳೇ, ನಮ್ಮ ಆಲಿಕೆ ಬಳಗದ ಕಾರ್ಯದರ್ಶಿಗಳೂ, ಇದೇ ಅಥಣಿ ರಸ್ತೆಯಲ್ಲಿ ಟಿವಿ ಮತ್ತು ಸ್ಪೀಕರುಗಳ ಅಂಗಡಿ ನಡೆಸುವವರೂ ಆದ ಸೈಫುದ್ದೀನರೇ, ಅಧ್ಯಕ್ಷರ ಜೊತೆಯಲ್ಲಿಯೇ ಸನ್ಮಾನ ಮಾಡಿಸಿಕೊಂಡು, ಹೊದಿಸಿದ ಶಾಲನ್ನು ಇನ್ನೂ ತೆಗೆಯದೆ ಮುಂದಿನ ಸಾಲಿನಲ್ಲಿ ಬೆವರುತ್ತ ಕುಳಿತಿರುವ ನನ್ನ ಯಜಮಾನರಾದ ಟಿಕೋಟಾದ ದಾವಲಸಾಬರೇ, ಭಾಗಪ್ಪನವರ ಮನೆಯವರಾದ ಸೋನಾಬಾಯಿಯವರೇ, ಸಂಗೀತದ ಮೇಲಿನ ಪ್ರೀತಿಯಿಂದ ಬಂದಿರುವ ಮತ್ತು ಊಟದ ಮೇಲಿನ ಪ್ರೀತಿಯಿಂದ ಬಂದಿರುವ ಎಲ್ಲ ಸಭಿಕರೇ,

ನನ್ನ ಹೆಸರು ಆಶಾಬಿ. ಹೊನವಾಡದ ಕನ್ನಡ ಶಾಲೆಯಲ್ಲಿ ಮುಖ್ಯಾಧ್ಯಾಪಕಿಯಾಗಿದ್ದು ನಿವೃತ್ತಳಾದವಳು. ಆದ್ದರಿಂದ ಮಾತನಾಡುವಾಗ ನಡುನಡುವೆ ನಿಮ್ಮಲ್ಲಿ ಯಾರನ್ನಾದರೂ ನೆಟ್ಟ ನೋಟದಿಂದ ನೋಡಿದರೆ ಭಯಪಡಬೇಡಿ. ಅದು ರೂಢಿ, ಅಷ್ಟೆ.

ನನಗೆ ಕೊಟ್ಟಿರುವ ವಿಷಯ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿದೆ: ‘ಮನೆಯ ಧ್ವನಿ ವ್ಯವಸ್ಥೆಗೆ ಹೊರಗಿನ ಡ್ಯಾಕ್ ಜೋಡಿಸುವುದರಿಂದ ಸುಧಾರಣೆಯಾಗುತ್ತದೆಯೇ?’ ಈ ವಿಷಯದ ಮೇಲೆ ಮಾತನಾಡಲು ಇಡೀ ಜಿಲ್ಲೆಯಲ್ಲಿ ನನಗಿಂತ ಅಯೋಗ್ಯರು ಸಿಗಲಾರರು ಎಂದು ನಾನು ಸೈಫುದ್ದೀನರಿಗೆ ಹೇಳಿದೆ. ಅವರು ಏನೆಂದರು ಗೊತ್ತೆ? “ಅದಕ್ಕ ನಿಮಗ ಕೊಟ್ಟೇವ್ರಿ, ಅಕ್ಕೋರ. ಉಳದವರಿಗೆಲ್ಲಾ ಒಂದೊಂದು ಅಭಿಪ್ರಾಯ ಅದಾವ. ಅವರ ಕೈಯಾಗ ಮೈಕ್ ಕೊಟ್ರ ಇವತ್ತ ಮನಿಗೆ ಹೋಗಂಗಿಲ್ಲ.” ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕೋರು ಎಂದು ಕರೆಯುತ್ತಾರೆ. ಹೀಗೆ ಕರೆದುಬಿಟ್ಟರೆ ನಾನು ಯಾವ ಕೆಲಸಕ್ಕೂ ಇಲ್ಲವೆನ್ನಲಾರೆ ಎಂಬುದು ಅವರಿಗೆ ಗೊತ್ತಿದೆ.

ಡ್ಯಾಕ್ ಎಂದರೆ ಏನು? ಕ್ಯಾಸೆಟ್ಟಿನ ಕಾಲದಲ್ಲಿ ಹಾಡು ಟೇಪಿನ ಮೇಲೆ ಅಲೆಯಾಗಿಯೇ ಇರುತ್ತಿತ್ತು. ಈಗ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಹಾಡು ಬರೀ ಅಂಕಿಗಳಾಗಿ ಇರುತ್ತದೆ. ಅಂಕಿಗಳನ್ನು ಹಾಗೆಯೇ ಸ್ಪೀಕರಿಗೆ ಕೊಟ್ಟರೆ ಅದು ಏನನ್ನು ಹಾಡೀತು? ಹಾಗಾಗಿ ಅಂಕಿಗಳನ್ನು ಮತ್ತೆ ಅಲೆಗಳನ್ನಾಗಿ ಮಾಡುವ ಒಂದು ಪುಟ್ಟ ಯಂತ್ರ ಕಂಪ್ಯೂಟರಿನಲ್ಲೂ ಟಿವಿಯಲ್ಲೂ ಫೋನಿನಲ್ಲೂ ಇದ್ದೇ ಇರುತ್ತದೆ. ಅದೇ ಡ್ಯಾಕ್. ಕೆಲವರು ಒಳಗಿರುವ ಈ ಯಂತ್ರವನ್ನು ನೆಚ್ಚದೆ, ಅದೇ ಕೆಲಸಕ್ಕೆ ಒಂದು ಪ್ರತ್ಯೇಕ ಪೆಟ್ಟಿಗೆಯನ್ನು ತಂದು ಹೊರಗೆ ಇಟ್ಟುಕೊಳ್ಳುತ್ತಾರೆ. ಗಾತ್ರದಲ್ಲಿ ಅದು ಸಾಬೂನಿನ ಡಬ್ಬಿಯಷ್ಟು. ಗೌರವದಲ್ಲಿ ಮಾತ್ರ ಮನೆಯ ಅಳಿಯನಷ್ಟು.

ಒಳಗೆ ಒಂದು ಇದ್ದಾಗ ಹೊರಗೆ ಇನ್ನೊಂದು ಏಕೆ? ನಾನು ಇದೇ ಪ್ರಶ್ನೆಯನ್ನು ಯಜಮಾನರಿಗೆ ಕೇಳಿದೆ. “ಮನ್ಯಾಗ ಅಡಗಿ ಆಗತೈತಿ. ಆದ್ರೂ ಮಂದಿ ಖಾನಾವಳಿಗೆ ಯಾಕ ಹೋಗ್ತಾರ?” ಎಂದರು. ಮನೆಯ ಅಡುಗೆ ಮಾಡುವವಳ ಎದುರಿಗೆ ಈ ಹೋಲಿಕೆ ಕೊಡಬಾರದಿತ್ತು ಎಂಬುದು ಅಂದು ಊಟಕ್ಕೆ ಕುಳಿತಾಗ ಅವರಿಗೆ ಮನವರಿಕೆಯಾಯಿತು.

ನಮ್ಮ ಯಜಮಾನರು ಒಣದ್ರಾಕ್ಷಿ ವ್ಯಾಪಾರದವರು. ಕಣ್ಣು ಮುಚ್ಚಿ ಒಂದು ಮಣುಕವನ್ನು ಬಾಯಿಗೆ ಹಾಕಿಕೊಂಡು, ಇದು ಯಾರ ತೋಟದ್ದು, ಯಾವ ಶೆಡ್ಡಿನಲ್ಲಿ ಒಣಗಿದ್ದು ಎಂದು ಹೇಳುತ್ತಾರೆ. ಹೇಳಿದ್ದು ಬಹಳ ಸಲ ನಿಜವೂ ಆಗುತ್ತದೆ. ನಾಲಿಗೆ ಇಷ್ಟು ಚುರುಕಾಗಿರುವಾಗ ಕಿವಿಯೂ ಅಷ್ಟೇ ಚುರುಕಾಗಿರಬೇಕೆಂದು ಅವರು ತಾವೇ ತೀರ್ಮಾನ ಮಾಡಿಕೊಂಡರು. ಟಿಕೋಟಾದ ನಮ್ಮ ಮನೆಯ ದೊಡ್ಡ ಕೋಣೆಯಲ್ಲಿ ಎರಡು ಸ್ಪೀಕರುಗಳನ್ನು ನಿಲ್ಲಿಸಿ, ಎದುರಿಗೆ ನೆಲದ ಮೇಲೆ ಸುಣ್ಣದಕಡ್ಡಿಯಿಂದ ಒಂದು ವೃತ್ತ ಬರೆದು, ಅದರಲ್ಲಿ ಒಂದು ಕುರ್ಚಿ ಹಾಕಿದರು. ಎರಡು ಸ್ಪೀಕರುಗಳ ದನಿ ಸರಿಯಾಗಿ ಕೂಡುವ ಜಾಗ ಅದೊಂದೇ ಅಂತೆ. ಅಲ್ಲಿ ಕುಳಿತರೆ ಹಾಡುವವರು ನಟ್ಟನಡುವೆ, ಸಾರಂಗಿಯವನು ಎಡಕ್ಕೆ, ತಬಲಾದವನು ಬಲಕ್ಕೆ, ಹೀಗೆ ಎಲ್ಲರೂ ಕೋಣೆಯಲ್ಲಿ ಬಂದು ಕುಳಿತಂತೆ ತೋರುತ್ತದೆ. ಕೋಣೆ ಗುಡಿಸುವಾಗ ಆ ವೃತ್ತವನ್ನು ಅಳಿಸಬಾರದೆಂದು ನನಗೆ ಅಪ್ಪಣೆಯಾಗಿತ್ತು.

ಪ್ರತಿ ಭಾನುವಾರ ಮಧ್ಯಾಹ್ನ ಅಲ್ಲಿ ನಿಮ್ಮ ಈ ಬಳಗ ಸೇರುತ್ತಿತ್ತು. ಸರದಿಯ ಮೇಲೆ ಒಬ್ಬೊಬ್ಬರೂ ಆ ಕುರ್ಚಿಯಲ್ಲಿ ಕುಳಿತು ಏಳಬೇಕು. ಉಳಿದವರು ಗೋಡೆಗೆ ಒರಗಿ ತಮ್ಮ ಸರದಿಗೆ ಕಾಯಬೇಕು. ನಾನು ಅಡುಗೆಮನೆಯಲ್ಲಿ ಚಹಾ ಮಾಡಬೇಕು. ನನಗೇನೂ ಸಂಗೀತ ತಿಳಿಯುವುದಿಲ್ಲ ಬಿಡಿ. ಶಾಲೆಯಲ್ಲಿ ದಿನಾಲು ಬೆಳಿಗ್ಗೆ ಪ್ರಾರ್ಥನೆ ಹೇಳಿಸುತ್ತಿದ್ದೆ, ಮಕ್ಕಳ ಶ್ರುತಿ ಜಾರಿದರೆ ಮತ್ತೆ ಮೊದಲಿನಿಂದ ಹೇಳಿಸುತ್ತಿದ್ದೆ, ಅಷ್ಟೆ. ಆದರೆ ಗೋಡೆಯಾಚೆ ಇದ್ದವಳಿಗೆ ಕಿವಿ ಇರುವುದಿಲ್ಲವೇ? ಯಾವ ಹಾಡಿನಲ್ಲಿ ತಬಲಾದವನು ಅವಸರ ಮಾಡುತ್ತಾನೆ, ಯಾವ ಆಲಾಪದಲ್ಲಿ ಗಾಯಕಿ ಮೆಲ್ಲಗೆ ಕೆಮ್ಮುತ್ತಾಳೆ, ಎಲ್ಲ ನನಗೆ ಬಾಯಿಪಾಠ. ಇರಲಿ, ಇದು ಇಂದಿನ ವಿಷಯವಲ್ಲ.

ಇನ್ನು ನಮ್ಮ ಅಧ್ಯಕ್ಷರು. ಬಹಳ ವರ್ಷಗಳ ಹಿಂದೆ ನಮ್ಮ ಮಾವನವರ ತೋಟದ ಗಡಿ ಅಳೆಯಲು ಭಾಗಪ್ಪನವರು ಸರಪಳಿ ಹಿಡಿದು ಬಂದಿದ್ದರು. ಅವರ ಚೀಲದೊಳಗೆ ಒಂದು ರೇಡಿಯೊ ಹಾಡುತ್ತಿತ್ತು. ಸರಪಳಿಯ ಒಂದು ತುದಿಯನ್ನು ನಮ್ಮ ಯಜಮಾನರ ಕೈಗೆ ಕೊಟ್ಟು, “ಈ ಹಾಡ ಮುಗೀಲಿ, ಆಮ್ಯಾಲ ಎಳೀರಿ” ಎಂದರಂತೆ. ಹಾಡು ಮುಗಿಯುವವರೆಗೂ ಇಬ್ಬರೂ ಸರಪಳಿಯ ಎರಡು ತುದಿಗಳನ್ನು ಹಿಡಿದುಕೊಂಡು ಬಿಸಿಲಿನಲ್ಲಿ ನಿಂತರು. ಹಾಡು ಮುಗಿದ ಮೇಲೆ ಅದು ಯಾವ ರಾಗವೆಂಬುದರ ಮೇಲೆ ಜಗಳಾಡಿದರು. ಅಂದಿನಿಂದ ಇಂದಿನವರೆಗೆ ಆ ಜಗಳ ನಿಂತಿಲ್ಲ. ದಾವಲಸಾಬರು ನಂಬುವವರು, ಭಾಗಪ್ಪನವರು ಅಳೆಯುವವರು. ಇಬ್ಬರೂ ಒಂದು ಮಾತಿಗೆ ಹೌದೆಂದದ್ದನ್ನು ನಾನು ಕೇಳಿಲ್ಲ.

ಇಂಥ ಮನೆಗೆ ಆ ಪೆಟ್ಟಿಗೆ ಬಂತು. ನ್ಯಾಯವಾಗಿ ಹೇಳಬೇಕಾದ ಒಂದು ಸಂಗತಿಯಿದೆ. ಅದುವರೆಗೆ ನಮ್ಮಲ್ಲಿ ಹಾಡು ಹಚ್ಚುತ್ತಿದ್ದದ್ದು ಒಂದು ಹಳೆಯ ಕಂಪ್ಯೂಟರಿನಿಂದ. ಅದರ ಮೌಸು ಅಲ್ಲಾಡಿಸಿದರೆ ಸ್ಪೀಕರಿನಲ್ಲಿ ಜಿರ್ರೆನ್ನುತ್ತಿತ್ತು. ಅಲ್ಲಾಡಿಸದಿದ್ದರೆ ಗುಂಯ್ ಎನ್ನುತ್ತಿತ್ತು. ಪೆಟ್ಟಿಗೆ ಜೋಡಿಸಿದ ದಿನ ಎರಡೂ ನಿಂತವು. ಇದು ನಿಜ. ಅಡುಗೆಮನೆಯಲ್ಲಿದ್ದ ನನಗೂ ಗೊತ್ತಾಯಿತು. ಆದರೆ ಯಜಮಾನರು ಅಷ್ಟಕ್ಕೆ ತೃಪ್ತರಾಗಲಿಲ್ಲ. ಆಮೇಲೆ ಒಳ್ಳೆಯ ಹೊಸ ಲ್ಯಾಪ್‌ಟಾಪ್ ಬಂತು, ಅದರಲ್ಲಿ ಯಾವ ಗುಂಯ್‌ಕಾರವೂ ಇರಲಿಲ್ಲ. ಆದರೂ ಪೆಟ್ಟಿಗೆಯ ಮಹಿಮೆ ದಿನೇದಿನೇ ಬೆಳೆಯಿತು. ತಬಲಾದವನ ಬೆರಳಿನ ಉಂಗುರ ತಾಗಿದ್ದು ಕೇಳಿಸುತ್ತದೆಯಂತೆ. ಗಾಯಕಿ ಕಣ್ಣು ಮುಚ್ಚಿ ಹಾಡುತ್ತಿದ್ದಾಳೆಂಬುದು ಕೂಡ ತಿಳಿಯುತ್ತದೆಯಂತೆ. ಸಭಿಕರೇ, ಕಣ್ಣು ಮುಚ್ಚಿದ್ದು ಕಿವಿಗೆ ಹೇಗೆ ಕೇಳಿಸುತ್ತದೆ? ನಾನು ಕೇಳಲಿಲ್ಲ. ಸಂಸಾರ ನಡೆಯಬೇಕಲ್ಲ.

ಭಾಗಪ್ಪನವರು ಮಾತ್ರ ಕೇಳಿದರು. ಕುರ್ಚಿಯಲ್ಲಿ ಕುಳಿತು, ಕೇಳಿ, ಎದ್ದು ಹೇಳಿದರು: “ಫರಕ ಏನೂ ಇಲ್ಲ. ಎಡಕ್ಕ ಸಾರಂಗಿ, ಬಲಕ್ಕ ತಬಲಾ ಅಂತೀ. ನನಗ ಎಲ್ಲಾರೂ ಒಂದ ಕಡಿ ಕುಂತಂಗ ಕೇಳಸ್ತೈತಿ.”

“ಎಲ್ಲಾರೂ ಒಂದ ಕಡಿ ಕುಂತಾರಂತ. ಭಾಗ್ಯಾ, ನಿನ್ನ ಕಿವಿ ಹೋಗ್ಯಾವಲೇ,” ಎಂದರು ನಮ್ಮ ಯಜಮಾನರು.

ಇದಕ್ಕಿಂತ ಕೆಟ್ಟ ಮಾತುಗಳನ್ನು ಅವರಿಬ್ಬರೂ ಆಡಿಕೊಂಡಿದ್ದಾರೆ, ಆಡಿ ಚಹಾ ಕುಡಿದಿದ್ದಾರೆ. ಆದರೆ ಅಂದು ಭಾಗಪ್ಪನವರು ಮರುಮಾತನಾಡಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೋದರು. ಮುಂದಿನ ಭಾನುವಾರ ಬಂದರು ನಿಜ, ಆದರೆ ಸಾಲಿನ ಕೊನೆಯಲ್ಲಿ ಕುಳಿತು ಯಾರೊಡನೆಯೂ ಮಾತನಾಡದೆ ಎದ್ದು ಹೋದರು. ಬಳಗದಲ್ಲಿ ಎರಡು ಪಕ್ಷಗಳಾದವು. ಪೆಟ್ಟಿಗೆಯಿಂದ ಫರಕು ಕೇಳಿಸುವವರು ಒಂದು ಗೋಡೆಗೆ, ಕೇಳಿಸದವರು ಇನ್ನೊಂದು ಗೋಡೆಗೆ ಒರಗಿದರು. ಕಾರ್ಯದರ್ಶಿಗಳು ಪೆಟ್ಟಿಗೆ ಮಾರುವವರೂ ಆದ್ದರಿಂದ ನಡುವೆ ನಿಂತರು.

ಕೊನೆಗೆ ಪರೀಕ್ಷೆಯಾಗಲಿ ಎಂದವರು ಭಾಗಪ್ಪನವರೇ. ಸೈಫುದ್ದೀನರು ಎಲ್ಲವನ್ನೂ ಅಣಿಮಾಡಿದರು. ಕೋಣೆಯ ಗದ್ದಲ ಬೇಡವೆಂದು ಸ್ಪೀಕರುಗಳ ಬದಲು ಎರಡೂ ಕಿವಿಗೆ ಹಾಕಿಕೊಳ್ಳುವ, ನಮ್ಮ ಮನೆಯಲ್ಲೇ ಇದ್ದ ಹೆಡ್‌ಫೋನು. ಅದರ ವಾಯರು ಪರದೆಯ ಹಿಂದೆ ಹೋಗುತ್ತದೆ. ಪರದೆಯ ಹಿಂದೆ ಒಬ್ಬರು ಕುಳಿತು ಅದನ್ನು ಒಮ್ಮೆ ನೇರವಾಗಿ ಲ್ಯಾಪ್‌ಟಾಪಿಗೆ, ಇನ್ನೊಮ್ಮೆ ಪೆಟ್ಟಿಗೆಗೆ ಸಿಕ್ಕಿಸಬೇಕು. ಯಾವಾಗ ಯಾವುದೆಂದು ನಾಣ್ಯ ಚಿಮ್ಮಿ ನಿರ್ಧರಿಸಬೇಕು. ತುಸು ಜೋರಾದದ್ದೇ ಚೆನ್ನಾಗಿ ಕೇಳುತ್ತದೆಂಬ ಭ್ರಮೆ ಎಲ್ಲರಿಗೂ ಇರುವುದರಿಂದ ಎರಡರ ದನಿಯನ್ನೂ ಅಳೆದು ಒಂದೇ ಮಟ್ಟಕ್ಕೆ ತಂದಿಟ್ಟರು. ಪರದೆಯ ಹಿಂದೆ ಯಾರು ಕೂರಬೇಕು? ಪಕ್ಷಪಾತವಿಲ್ಲದವರು ಬೇಕು. “ಆಶಾ ಕೂಡ್ರಲಿ. ಅಕಿಗೆ ಏನೂ ತಿಳಿಯೂದಿಲ್ಲ,” ಎಂದರು ಯಜಮಾನರು. ಇಡೀ ಬಳಗ ಸಂತೋಷದಿಂದ ಒಪ್ಪಿತು.

ಅಂದು ಹಚ್ಚಿದ್ದು ಒಂದು ಹಳೆಯ ಧ್ವನಿಮುದ್ರಣ. ಅದನ್ನು ಹೆಡ್‌ಫೋನಿನಲ್ಲಿ ಕೇಳಿದರೆ ಗಾಯಕಿ ಎರಡೂ ಕಿವಿಗೆ ಸಮನಾಗಿ ಬರುತ್ತಾಳೆ. ಸಾರಂಗಿ ಎಡಗಿವಿಗೆ ಮಾತ್ರ, ತಬಲಾ ಬಲಗಿವಿಗೆ ಮಾತ್ರ. ಏನೂ ತಿಳಿಯದ ನನಗೆ ಇದು ಹೇಗೆ ತಿಳಿಯಿತು ಎನ್ನುತ್ತೀರಾ? ಯಜಮಾನರು ಒಣದ್ರಾಕ್ಷಿ ಶೆಡ್ಡಿಗೆ ಹೋದ ಮಧ್ಯಾಹ್ನಗಳಲ್ಲಿ ಆ ವೃತ್ತದೊಳಗಿನ ಕುರ್ಚಿ ಖಾಲಿಯೇ ಇರುತ್ತಿತ್ತು. ಖಾಲಿ ಕುರ್ಚಿಯಲ್ಲಿ ಕುಳಿತು ಹೆಡ್‌ಫೋನು ಹಾಕಿಕೊಳ್ಳುವುದಕ್ಕೆ ಯಾರ ಅಪ್ಪಣೆ ಬೇಕು? ಇದನ್ನು ಹೇಳಬೇಕೆಂದಿರಲಿಲ್ಲ. ಬಾಯಿಗೆ ಬಂತು. ಮುಂದಕ್ಕೆ ಹೋಗೋಣ.

ಪರೀಕ್ಷೆ ಶುರುವಾಯಿತು. ಪ್ರತಿಯೊಬ್ಬರಿಗೂ ಅದೇ ಹಾಡು ಎರಡು ಸಲ. ಮೊದಲು ನಮ್ಮ ಯಜಮಾನರು. ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿ, ತಲೆದೂಗಿ, “ಇದ ನೋಡ್ರಿ ಪೆಟ್ಟಿಗಿ. ಸಾರಂಗಿ ಮ್ಯಾಲ ಕೈ ಸರದದ್ದು ಕಾಣಾಕತ್ತೈತಿ” ಎಂದರು. ಪೆಟ್ಟಿಗೆ ನನ್ನ ಮಡಿಲಲ್ಲಿ ಸುಮ್ಮನೆ ಕುಳಿತಿತ್ತು. ಎರಡನೆಯ ಸಲ ಪೆಟ್ಟಿಗೆಯನ್ನು ನಿಜವಾಗಿಯೂ ಜೋಡಿಸಿದೆ. “ಛೇ, ಇದು ಸಪ್ಪಗೈತಿ,” ಎಂದು ಹೆಡ್‌ಫೋನು ತೆಗೆದಿಟ್ಟರು. ಪರದೆಯ ಹಿಂದೆ ಕುಳಿತು ನಗು ತಡೆದುಕೊಳ್ಳುವುದು ಎಷ್ಟು ಕಷ್ಟವೆಂದು ನಿಮಗೆ ಹೇಳಲಾರೆ. ಆಮೇಲೆ ಉಳಿದವರು ಬಂದರು. ಒಬ್ಬರು ಒಂದನ್ನು ಸರಿ ಹೇಳಿದರೆ ಇನ್ನೊಂದನ್ನು ತಪ್ಪು ಹೇಳುತ್ತಿದ್ದರು. ಅಭ್ಯಾಸ ಮಾಡದೆ ಬಂದ ಮಕ್ಕಳು ಉತ್ತರಕ್ಕೆ ಗುರುತು ಹಾಕುತ್ತಾರಲ್ಲ, ಹಾಗೆ.

ಕೊನೆಗೆ ಭಾಗಪ್ಪನವರು. ಮುಂದಿನದನ್ನು ಹೇಳಲು ನಾನು ಅವರ ಒಪ್ಪಿಗೆ ಪಡೆದಿದ್ದೇನೆ. “ಹೇಳ್ರಿ, ಅಕ್ಕೋರ. ಊರಿಗೆಲ್ಲಾ ಒಮ್ಮೆ ಗೊತ್ತಾದ್ರ ನನಗೂ ಹಗರ ಆಗತೈತಿ” ಎಂದಿದ್ದಾರೆ.

ನಾಣ್ಯ ಚಿಮ್ಮಿದೆ, ಪೆಟ್ಟಿಗೆಯಿಲ್ಲ ಎಂದು ಬಿತ್ತು. ಮೊದಲ ಸಲದ ಹಾಡು ಮುಗಿಯಿತು. ಭಾಗಪ್ಪನವರು ಹೆಡ್‌ಫೋನು ತೆಗೆದು ಕನ್ನಡಕ ಒರೆಸಿಕೊಂಡರು. ಆಮೇಲೆ ಮತ್ತೆ ಹಾಕಿಕೊಂಡರು. ನಾನು ನಾಣ್ಯ ಚಿಮ್ಮಿದೆ. ಮತ್ತೆ ಪೆಟ್ಟಿಗೆಯಿಲ್ಲ ಎಂದೇ ಬಿತ್ತು. ಅದೇ ಹಾಡು, ಅದೇ ಲ್ಯಾಪ್‌ಟಾಪು. ತುಸು ಹೊತ್ತಿಗೆ ಭಾಗಪ್ಪನವರು ಕುರ್ಚಿಯಿಂದ ಅರ್ಧ ಎದ್ದರು.

“ದಾವಲ್ಯಾ, ನಾ ಸೋತೆ. ಇದು ಪೆಟ್ಟಿಗಿ. ಮೊದಲನೇದರಾಗ ತಬಲಾನ ಇರಲಿಲ್ಲ. ಈಗ ಹೆಂಗ ಬಂತ ನೋಡು.”

ಇಡೀ ಕೋಣೆ ದಂಗಾಯಿತು. ಫರಕೇ ಇಲ್ಲ ಎಂದವರಿಗೇ ಫರಕು ಇಷ್ಟು ಸ್ಪಷ್ಟವಾಗಿ ಕೇಳಿಸಿತೆ? ಯಜಮಾನರು ಎದ್ದು ಬಂದು ಸ್ನೇಹಿತನ ಹೆಗಲು ತಟ್ಟಿದರು. ಪರದೆಯ ಹಿಂದೆ ಪೆಟ್ಟಿಗೆ ನನ್ನ ಮಡಿಲಲ್ಲೇ ಇತ್ತು. ಹಾಗಾದರೆ ಮೊದಲು ತಬಲಾ ಎಲ್ಲಿಗೆ ಹೋಗಿತ್ತು? ಈಗ ಎಲ್ಲಿಂದ ಬಂತು?

ಪರದೆಯ ಸಂದಿಯಿಂದ ನೋಡಿದೆ. ಆ ಹೆಡ್‌ಫೋನಿನ ವಾಯರು ಎಡಗಿವಿಯ ಕಡೆಯಿಂದ ಇಳಿಯುವಂಥದು. ಈಗ ಅದು ಭಾಗಪ್ಪನವರ ಬಲಭುಜದ ಮೇಲೆ ಇಳಿದಿತ್ತು. ಕನ್ನಡಕ ಒರೆಸಿಕೊಂಡು ಮತ್ತೆ ಹಾಕಿಕೊಳ್ಳುವಾಗ ಅವರು ಅದನ್ನು ತಿರುವು ಮುರುವು ಹಾಕಿಕೊಂಡಿದ್ದರು. ಮೊದಲು ಬಲಗಿವಿಗೆ ಬರುತ್ತಿದ್ದ ತಬಲಾ ಈಗ ಎಡಗಿವಿಗೆ ಬರುತ್ತಿತ್ತು. ಎಂದರೆ, ಅವರಿಗೆ ಬಲಗಿವಿ ಕೇಳಿಸುವುದೇ ಇಲ್ಲ. ತಬಲಾ ಬಂದ ಖುಷಿಯಲ್ಲಿ, ಬಲಕ್ಕೆ ಹೋದ ಸಾರಂಗಿ ಕೇಳಿಸದಾದದ್ದು ಅವರ ಗಮನಕ್ಕೇ ಬಂದಿರಲಿಲ್ಲ.

ಆಗ ನನಗೆ ಎಷ್ಟೋ ಸಂಗತಿಗಳು ಅರ್ಥವಾದವು. ಅಡುಗೆಮನೆಯ ಬಾಗಿಲು ಅವರು ಕೂರುವ ಜಾಗದ ಬಲಕ್ಕಿದೆ. ಚಹಾ ತಂದು, “ತಗೋರಿ ಅಣ್ಣಾರ” ಎಂದರೆ ಅವರು ತಿರುಗಿಯೂ ನೋಡುತ್ತಿರಲಿಲ್ಲ. ಹಾಡಿನಲ್ಲಿ ಎಷ್ಟು ಮುಳುಗಿದ್ದಾರೆಂದು ನಾನು ಬೆರಗಾಗಿ, ಯಜಮಾನರಿಗೆ, “ಕೇಳೂದಂದ್ರ ಹಂಗ ಕೇಳಬೇಕ್ರಿ” ಎಂದು ಪಾಠ ಹೇಳಿದ್ದೆ.

“ಫಲಿತಾಂಶ ಹೇಳ್ರಿ ಅಕ್ಕೋರ,” ಎಂದರು ಎಲ್ಲರೂ. ನಾನು ಏನು ಹೇಳಬೇಕಿತ್ತು? ಎರಡೂ ಸಲ ಪೆಟ್ಟಿಗೆ ಇರಲಿಲ್ಲವೆಂದರೆ ಆ ಕೋಣೆಯಲ್ಲಿ ಅಷ್ಟೂ ಜನರೆದುರಿಗೆ ಭಾಗಪ್ಪನವರ ಕಿವಿಯ ಮಾತು ಬಯಲಾಗುತ್ತಿತ್ತು. ಇತ್ತೆಂದರೆ ಸುಳ್ಳಾಗುತ್ತಿತ್ತು. ಜೀವಮಾನದಲ್ಲಿ ಯಾವ ಮಗುವಿಗೂ ಸುಳ್ಳು ಅಂಕ ಹಾಕಿದವಳಲ್ಲ ನಾನು. ಪರದೆ ಸರಿಸಿ ಹೊರಗೆ ಬಂದು ಹೇಳಿದೆ: “ಫಲಿತಾಂಶ ತಡೆಹಿಡಿಯಲಾಗಿದೆ.”

ಗದ್ದಲವೋ ಗದ್ದಲ. ಆ ಗದ್ದಲದಲ್ಲಿಯೇ ಭಾಗಪ್ಪನವರು ಸೈಫುದ್ದೀನರಿಗೆ, “ನನಗೂ ಅಂಥಾದ ಒಂದು ಪೆಟ್ಟಿಗಿ ಬೇಕು” ಎಂದರು. ನಾನು ಸುಮ್ಮನಿರುವಂತಿರಲಿಲ್ಲ. ಬಸ್ ನಿಲ್ದಾಣದವರೆಗೆ ಕಳಿಸಿ ಬರುತ್ತೇನೆಂದು ಅವರೊಡನೆ ಹೊರಟೆ. ಈ ಸಲ ಅವರ ಎಡಕ್ಕೆ ನಡೆದೆ.

“ಅಣ್ಣಾರ, ಪೆಟ್ಟಿಗಿ ತಗೋಬ್ಯಾಡ್ರಿ. ಎರಡೂ ಸಲ ಅದು ಇರಲಿಲ್ಲ.”

ಅವರು ನನ್ನ ಕಡೆ ತಿರುಗಿದರು. “ಹಂಗಾರ ತಬಲಾ ಎಲ್ಲಿಂದ ಬಂತ್ರಿ, ಅಕ್ಕೋರ?”

“ಎರಡನೇ ಸಲ ಹೆಡ್‌ಫೋನು ತಿರುವಿ ಹಾಕ್ಕೊಂಡಿದ್ರಿ.”

ಅವರಿಗೆ ತಿಳಿಯಿತು. ರಸ್ತೆಯ ಬದಿಯಲ್ಲಿ ನಿಂತುಬಿಟ್ಟರು. ಆ ಪೆಟ್ಟಿಗೆ ತಮ್ಮ ಕಿವಿಗೆ ಏನೋ ಒಳ್ಳೆಯದು ಮಾಡಿತೆಂದು ತುಸು ಹೊತ್ತು ನಂಬಿದ್ದಾಗಿ ಆಮೇಲೆ ಒಮ್ಮೆ ಹೇಳಿದ್ದಾರೆ. ಅಳೆಯದೆ ಏನನ್ನೂ ನಂಬದ ಮನುಷ್ಯ. ಅಂದು ಅವರು ಕೇಳಿದ್ದು ಒಂದೇ ಮಾತು: “ನಮ್ಮ ಸೋನಾಬಾಯಿಗೆ ಗೊತ್ತೈತಿ. ದಾವಲಗ ಮಾತ್ರ ಹೇಳಬ್ಯಾಡ್ರಿ.”

“ಯಾಕ್ರಿ? ಅವರೇನ ನಗತಾರೇನು?”

“ನಕ್ಕರ ಚಿಂತಿಲ್ಲ. ಅಂವ ನನ್ನ ‘ಪಾಪ’ ಅನ್ನಾಕ ಚಾಲೂ ಮಾಡ್ತಾನ. ನಾ ಏನಂದ್ರೂ ಹೂಂ ಅಂತಾನ. ಜಗಳಾಡೂದ ಬಿಡ್ತಾನ. ಆಮ್ಯಾಲ ನಾ ಟಿಕೋಟಾಕ ಯಾಕ ಬರಬೇಕ್ರಿ?”

ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಅದಾದ ಮೇಲೆ ಭಾಗಪ್ಪನವರು ಭಾನುವಾರಗಳಂದು ಬರುವುದು ನಿಂತಿತು. ಮೊದಮೊದಲು ಯಜಮಾನರು, “ಸೋತಾನಲ್ಲ, ಮಾರಿ ತೋರಸಾಕ ನಾಚಿಕಿ” ಎಂದು ಮೀಸೆ ತೀಡಿದರು. ಬರಬರುತ್ತ ಮೀಸೆ ತೀಡುವುದು ಬಿಟ್ಟರು. ಹಾಡು ಹಚ್ಚಿ ಅರ್ಧಕ್ಕೇ ಬಂದ್ ಮಾಡಿ, ಬಾಗಿಲ ಕಡೆ ನೋಡುತ್ತಿದ್ದರು. “ಇದ ಯಾವ ರಾಗ?” ಎಂದು ನನ್ನನ್ನು ಕೇಳುತ್ತಿದ್ದರು. ನಾನು ಸರಿಯಾಗಿ ಹೇಳಿದರೂ ಅವರಿಗೆ ಸಮಾಧಾನವಾಗುತ್ತಿರಲಿಲ್ಲ. ತಪ್ಪು ಹೇಳಿ ಜಗಳಾಡುವವರು ಬೇಕಾಗಿತ್ತು. ಒಂದು ಮುಂಜಾನೆ ಎದ್ದವರೇ ಪೆಟ್ಟಿಗೆಯನ್ನು ಬಿಚ್ಚಿ, ಹೆಡ್‌ಫೋನಿನ ಜೊತೆ ಬಟ್ಟೆಯಲ್ಲಿ ಸುತ್ತತೊಡಗಿದರು.

“ಎಲ್ಲಿಗ್ರಿ?” ಎಂದೆ.

“ಕಾಖಂಡಕಿಗೆ. ಅಂವಗ ಕೊಟ್ಟ ಬರ್ತೀನಿ. ಪೆಟ್ಟಿಗಿ ಇಲ್ಲದ ತಬಲಾನ ಕೇಳಸೂದಿಲ್ಲ ಅಂದಾನಲ್ಲ. ನನಗ ಇದ್ರೂ ನಡೀತೈತಿ, ಇಲ್ಲದಿದ್ರೂ ನಡೀತೈತಿ.”

ನೋಡಿ, ಗುಡಿಸುವಾಗ ಹತ್ತಿರಕ್ಕೂ ಹೋಗಗೊಡದಿದ್ದ ಪೆಟ್ಟಿಗೆ ಅದು. ನಾನು ಅವರನ್ನು ತಡೆಯಬಹುದಿತ್ತು, ಆದರೆ ಮಾತು ಕೊಟ್ಟಿದ್ದೆ. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೊರಟೆ. ಬಬಲೇಶ್ವರದಲ್ಲಿ ಬಸ್ಸು ಬದಲಿಸಿ, ಪೆಟ್ಟಿಗೆಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕಾಖಂಡಕಿ ತಲುಪಿದೆವು.

ಸೋನಾಬಾಯಿ ನಮ್ಮನ್ನು ಕೂಡಿಸಿ ಚಹಾಕ್ಕೆ ಇಡಲು ಹೋದರು. ಯಜಮಾನರು ಬಟ್ಟೆ ಬಿಚ್ಚಿ, ಪೆಟ್ಟಿಗೆಯನ್ನು ತಮ್ಮ ಫೋನಿಗೆ ಜೋಡಿಸಿ, ಅದೇ ಹಾಡು ಹಚ್ಚಿ, ತಮ್ಮ ಕೈಯಾರೆ ಸ್ನೇಹಿತನ ಕಿವಿಗೆ ಹೆಡ್‌ಫೋನು ಹಾಕಿದರು. ಈ ಸಲ ಸರಿಯಾಗಿ ಹಾಕಿದರು. ಭಾಗಪ್ಪನವರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

“ತಬಲಾ ಕೇಳಸ್ತೈತಿಲ್ಲೋ?” ಎಂದು ಯಜಮಾನರು ಕೈಸನ್ನೆ ಮಾಡಿ ಕೇಳಿದರು.

“ಭಾಳ ಛಲೋ ಕೇಳಸ್ತೈತಿ,” ಎಂದರು ಭಾಗಪ್ಪನವರು.

ಆದರೆ ತಬಲಾ ಕೇಳಿಸಿದರೆ ಭಾಗಪ್ಪನವರ ಬೆರಳುಗಳು ಸುಮ್ಮನಿರುವುದಿಲ್ಲ. ಮಂಡಿಯ ಮೇಲೆ ತಾವೂ ನುಡಿಸುತ್ತವೆ. ಅದನ್ನು ಇಷ್ಟು ವರ್ಷ ಪಕ್ಕದಲ್ಲಿ ಕುಳಿತು ನೋಡಿದವರು ನಮ್ಮ ಯಜಮಾನರು. ಅಂದು ಆ ಕೈ ಮಂಡಿಯ ಮೇಲೆ ಹಾಗೆಯೇ ಬಿದ್ದಿತ್ತು. ಯಜಮಾನರು ಕೈಯನ್ನು ನೋಡಿದರು, ಮುಖವನ್ನು ನೋಡಿದರು. ಹೆಡ್‌ಫೋನು ತೆಗೆದು ತಾವು ಹಾಕಿಕೊಂಡು ಕೇಳಿದರು. ತಬಲಾ ಬಲಗಿವಿಯಲ್ಲಿ ನಡೆದೇ ಇತ್ತು. ಮತ್ತೆ ಅದನ್ನು ತೆಗೆದು, ಎಡ ಬಲ ಅದಲು ಬದಲು ಮಾಡಿ, ಮೆಲ್ಲನೆ ಸ್ನೇಹಿತನ ತಲೆಗೆ ತೊಡಿಸಿದರು.

ಭಾಗಪ್ಪನವರ ಬೆರಳುಗಳು ಅಲುಗಾಡಿದವು. ನಿಲ್ಲಿಸಬೇಕೆಂದು ಅವರು ಕೈ ಬಿಗಿ ಹಿಡಿದದ್ದನ್ನು ನಾನು ನೋಡಿದೆ. ನಿಲ್ಲಲಿಲ್ಲ. ತಬಲಾದ ಜೊತೆ ನುಡಿಯುತ್ತಲೇ ಹೋದವು.

ಹಾಡು ಮುಗಿದ ಮೇಲೆ ಯಜಮಾನರು, “ಯಾವಾಗಿಂದ?” ಎಂದರು.

“ಹ್ವಾದ ವರ್ಷ ಜ್ವರ ಬಂದಿತ್ತಲ್ಲ, ಅವಾಗಿಂದ. ಆ ಕಿವಿ ಇನ್ನ ತಿರುಗಿ ಬರೂದಿಲ್ಲ ಅಂದಾರ ಡಾಕ್ಟರು.”

ಸೋನಾಬಾಯಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಯಜಮಾನರು ಈಗ ಏನು ಹೇಳುತ್ತಾರೆ? ಒಂದು ಸಲ ‘ಪಾಪ’ ಎಂದುಬಿಟ್ಟರೆ ಮುಗಿಯಿತು. ಅವರು ಪೆಟ್ಟಿಗೆಯ ವಾಯರು ಸುತ್ತಿಟ್ಟರು. ಆಮೇಲೆ ಹೇಳಿದರು:

“ಅಂದ್ರ ನನ್ನ ಪೆಟ್ಟಿಗಿಗೆ ನೀ ಒಂದ ಕಿವಿಲೆ ಕೇಳಿ ಬೈದಿ. ಅದನ್ನ ನಾ ಒಪ್ಪೂದಿಲ್ಲ. ಅದು ಲೆಕ್ಕಕ್ಕಿಲ್ಲ.”

ಭಾಗಪ್ಪನವರು ತಲೆ ಎತ್ತಿದರು. “ನೀ ಎರಡೂ ಕಿವಿಲೆ ಕೇಳಿ ಏನ ಕಡದಿ? ಸರಿ ಹೇಳಿದ್ರ ಅಕ್ಕೋರು ಫಲಿತಾಂಶ ತಡೀತಿದ್ರೇನು? ನೀನೂ ಫೇಲ.”

ಇಬ್ಬರೂ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಸೋನಾಬಾಯಿ ನಗತೊಡಗಿದರು; ನಗುತ್ತ ಕಣ್ಣೊರೆಸಿಕೊಂಡರು. ಅಂದು ಚಹಾ ಎರಡು ಸಲ ಆಯಿತು, ಊಟವೂ ಆಯಿತು, ಯಾವುದೋ ರಾಗದ ನಿಷಾದ ಸ್ವರದ ಮೇಲೆ ದೊಡ್ಡ ಜಗಳವೂ ಆಯಿತು.

ಮರಳಿ ಬರುವಾಗ ಬಬಲೇಶ್ವರದ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಯಜಮಾನರು ನನಗೆ ಹೇಳಿದರು: “ನಾ ಅಂವಗ ಕಿವಿ ಹೋಗ್ಯಾವ ಅಂದಿದ್ನಲ್ಲ.”

“ಹೂಂನ್ರಿ.”

“ಆ ಮಾತ ನುಂಗಾಕ ಬರಂಗಿಲ್ಲ ಈಗ.” ಅಷ್ಟು ಹೇಳಿ ಮುಖ ಆ ಕಡೆ ತಿರುಗಿಸಿದರು. ಟಿಕೋಟಾ ಬರುವವರೆಗೆ ನಾನೂ ಅವರ ಮುಖ ನೋಡಲಿಲ್ಲ.

ಮುಂದಿನ ಭಾನುವಾರ ಏನಾಯಿತೆಂದು ಬಳಗದವರಿಗೆ ಗೊತ್ತಿದೆ, ಉಳಿದವರಿಗಾಗಿ ಹೇಳುತ್ತೇನೆ. ಫೋನುಗಳಲ್ಲಿ ಮೊನೊ ಎಂಬ ಒಂದು ಗುಂಡಿಯಿರುತ್ತದೆ. ಅದನ್ನು ಒತ್ತಿದರೆ ಎಡ ಬಲದ ದನಿಗಳೆಲ್ಲ ಒಂದುಗೂಡಿ ಎರಡೂ ಕಡೆಗೆ ಒಂದೇ ರೀತಿ ಹೋಗುತ್ತವೆ. ಅದಕ್ಕೆ ಪೆಟ್ಟಿಗೆ ಬೇಡ, ಏನೂ ಬೇಡ. ಯಜಮಾನರು ಹಾಡು ಹಚ್ಚುವುದನ್ನು ಫೋನಿಗೆ ಬದಲಿಸಿ ಆ ಗುಂಡಿ ಒತ್ತಿದರು. ಸೈಫುದ್ದೀನರಿಗೆ ಸಂಕಟವಾಯಿತು. “ಚಾಚಾ, ಇಂಥಾ ಸ್ಟೀರಿಯೊ ಇಟಗೊಂಡು ಹಳೇ ರೇಡಿಯೊ ಮಾಡಾಕತ್ತೀರಲ್ಲರಿ.”

“ಅಂವಗ ಹೆಂಗ ಕೇಳಸ್ತೈತಿ ಹಂಗ ನಮಗೂ ಕೇಳಸಲಿ,” ಎಂದರು ಯಜಮಾನರು. “ಬ್ಯಾರೆ ಬ್ಯಾರೆ ಕೇಳಿ ಜಗಳಾಡಿದ್ರ ಅದರಾಗೇನ ರುಚಿ ಐತಿ? ಒಂದ ಕೇಳಿ ಜಗಳಾಡೂನು.”

ಮೊನೊ ಮಾಡಿದ ಮೇಲೆ ಒಂದೇ ಒಳ್ಳೆಯ ಕುರ್ಚಿ ಎಂಬುದು ಉಳಿಯಲಿಲ್ಲ. ಎಲ್ಲಿ ಕುಳಿತರೂ ಅಷ್ಟೇ ಚೆನ್ನ. ಸರದಿ ಕಾಯುವುದು ತಪ್ಪಿತು. ಕುರ್ಚಿಗಳು ಸುತ್ತಲೂ ಬಂದವು. ಆ ಸುಣ್ಣದ ವೃತ್ತವನ್ನು ನಾನೇ ಒರೆಸಿದೆ. ಒರೆಸಿ, ಒಂದು ಕುರ್ಚಿ ಎಳೆದುಕೊಂಡು ಅಲ್ಲಿಯೇ ಕುಳಿತೆ. ನನ್ನನ್ನು ಯಾರೂ ಕರೆಯಲಿಲ್ಲ. ಏಳಿ ಎಂದೂ ಯಾರೂ ಅನ್ನಲಿಲ್ಲ. ಹಾಡು ಶುರುವಾದಾಗ ಯಜಮಾನರು ನನ್ನ ಕಡೆ ಬಾಗಿ, ಇದರಲ್ಲಿ ಗಾಯಕಿ ಎಲ್ಲಿ ಕೆಮ್ಮುತ್ತಾಳೆ ಹೇಳಲೇ ಎಂದರು. ಅವರು ಹೇಳುವ ಮೊದಲೇ ನಾನು ಬೆರಳೆತ್ತಿ ತೋರಿಸಿದೆ, ಅವಳು ಕೆಮ್ಮಿದಳು. ಅವರು ನನ್ನನ್ನು ನೋಡಿದ ಆ ನೋಟವನ್ನು ಇಷ್ಟು ವರ್ಷದ ಸಂಸಾರದಲ್ಲಿ ನಾನು ಕಂಡಿರಲಿಲ್ಲ. ಇದೂ ಇಂದಿನ ವಿಷಯವಲ್ಲ ಎನ್ನುತ್ತೀರೇನೋ. ಇರಲಿ ಬಿಡಿ. ಚಹಾ ಅಂದು ಸೈಫುದ್ದೀನರು ಮಾಡಿದರು. ಅದರ ಬಗ್ಗೆ ಹೆಚ್ಚು ಹೇಳುವುದು ಕಾರ್ಯದರ್ಶಿಗಳ ಸ್ಥಾನಕ್ಕೆ ಗೌರವವಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೊರಗಿನ ಡ್ಯಾಕ್‌ನಿಂದ ಸುಧಾರಣೆಯಾಗುತ್ತದೆಯೇ? ನಿಮ್ಮ ಕಂಪ್ಯೂಟರು ಗುಂಯ್‌ಗುಟ್ಟುತ್ತಿದ್ದರೆ, ಜಿರ್ರೆನ್ನುತ್ತಿದ್ದರೆ, ಆಗುತ್ತದೆ. ಧಾರಾಳವಾಗಿ ತನ್ನಿ, ಸೈಫುದ್ದೀನರ ಅಂಗಡಿಯಲ್ಲೇ ತನ್ನಿ. ಒಳಗಿರುವುದು ಚೆನ್ನಾಗಿಯೇ ಇದ್ದರೆ, ಪರದೆಯ ಹಿಂದೆ ಕುಳಿತು ನಾನು ಕಂಡಂತೆ, ಫರಕು ಹೇಳಬಲ್ಲವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಸ್ಪೀಕರುಗಳನ್ನು ಮೂಲೆಯಿಂದ ಈಚೆಗೆ ಸರಿಸಿದರೆ, ಖಾಲಿ ಕೋಣೆಗೆ ಒಂದು ದಪ್ಪ ಜಮಖಾನೆ ಹಾಸಿದರೆ ಅದಕ್ಕಿಂತ ಹೆಚ್ಚು ಫರಕು ಕೇಳಿಸುತ್ತದೆ. ಆ ಪೆಟ್ಟಿಗೆ ಈಗ ಕಾಖಂಡಕಿಯಲ್ಲಿದೆ. ಭಾಗಪ್ಪನವರು ಅದನ್ನು ಮರಳಿ ಕೊಡಲು ಒಪ್ಪುತ್ತಿಲ್ಲ, ಅದರಿಂದ ಪ್ರಯೋಜನವಿದೆಯೆಂದೂ ಒಪ್ಪುತ್ತಿಲ್ಲ.

ಮಾತು ಮುಗಿಸುವ ಹೊತ್ತಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಈ ಮೈಕು ಮತ್ತು ಧ್ವನಿವರ್ಧಕ, ಎರಡನ್ನೂ ಅಧ್ಯಕ್ಷರ ಬಲಕ್ಕೇ ಇಟ್ಟುಬಿಟ್ಟಿದ್ದಾರೆ. ಅವರ ಕಥೆಯನ್ನು ಇಷ್ಟು ಹೊತ್ತು ಅವರಿಗೇ ಕೇಳಿಸದ ಕಡೆಯಿಂದ ಹೇಳಿದ್ದೇನೆ. ಆದರೆ ನಾನು ನೋಡುವ ಮೊದಲೇ ನೋಡಿದವರು ಬೇರೆ ಇದ್ದರು. ಮುಂದಿನ ಸಾಲಿನಲ್ಲಿದ್ದ ನಮ್ಮ ಯಜಮಾನರು ಯಾವಾಗಲೋ ಶಾಲಿನ ಸಮೇತ ವೇದಿಕೆ ಹತ್ತಿ, ಅಧ್ಯಕ್ಷರ ಎಡಕ್ಕೆ ಒಂದು ಕುರ್ಚಿ ಹಾಕಿಕೊಂಡು ಕುಳಿತಿದ್ದಾರೆ. ನನ್ನ ಒಂದೊಂದು ಮಾತನ್ನೂ ಅವರ ಕಿವಿಗೆ ಮುಟ್ಟಿಸುತ್ತಿದ್ದಾರೆ. ನಾನು ಹೇಳಿದ್ದಕ್ಕಿಂತ ಅವರು ಹೇಳುತ್ತಿರುವುದು ಉದ್ದವಾಗಿದೆ. ಅಧ್ಯಕ್ಷರು, ‘ಹಂಗಲ್ಲ, ಹಂಗಲ್ಲ’ ಎಂದು ತಲೆಯಾಡಿಸುತ್ತಿದ್ದಾರೆ.

ಅವರಿಬ್ಬರ ಮಾತಿಗೆ ಅಡ್ಡಿಪಡಿಸಲು ನನಗೆ ಮನಸ್ಸಿಲ್ಲ. ಆದ್ದರಿಂದ ಜೀವನದಲ್ಲಿ ಮೊದಲ ಸಲ ದನಿ ತಗ್ಗಿಸಿ ಹೇಳುತ್ತೇನೆ. ಕರೆಸಿದವರಿಗೆ, ಕೇಳಿದವರಿಗೆ, ನಿದ್ದೆ ಮಾಡಿದರೂ ಗೊರಕೆ ಹೊಡೆಯದವರಿಗೆ, ಎಲ್ಲರಿಗೂ ನನ್ನ ವಂದನೆಗಳು. ನಮಸ್ಕಾರ.